ಜೇಬಿನಲ್ಲಿದ್ದ ಎಡಗೈ

ಮುರಿದಿಲ್ಲ, ಉಳುಕಿದೆ ಅಷ್ಟೆ, ಎಂದು ಡಾಕ್ಟರ್ ವೆಂಗ್ ಪೋ-ಶುನ್ ಲಿಫ್ಟಿನ ಕನ್ನಡಿಯಲ್ಲಿ ಕಂಡ ತನ್ನ ಮುಖಕ್ಕೆ ಹೇಳಿದ. ಮುಖ ನಂಬಲಿಲ್ಲ. ಅದು ಮೂಳೆ ಡಾಕ್ಟರೊಬ್ಬನ ಮುಖವಾಗಿದ್ದರಿಂದ ನಂಬುವುದು ಅದಕ್ಕೆ ಕಷ್ಟವಾಗಿತ್ತು. ಎಡಗೈ ಬಿಳಿ ಕೋಟಿನ ಜೇಬಿನಲ್ಲಿ, ಯಾರೋ ಕೊಂಚ ಹೊತ್ತು ನೋಡಿಕೊಳ್ಳಿ ಎಂದು ಕೊಟ್ಟುಹೋದ ಪ್ರಾಣಿಯ ಹಾಗೆ, ತನ್ನಷ್ಟಕ್ಕೆ ತಾನು ಮಿಡಿಯುತ್ತಿತ್ತು. ಜೇಬಿನೊಳಗೇ ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ನೋಡಿದ. ತಾಗಿತು. ಕಣ್ಣಲ್ಲಿ ನೀರೂ ಬಂತು. ಬೆರಳು ಆಡುತ್ತಿದೆ, ಅಂದಮೇಲೆ ಮುರಿದಿಲ್ಲ. ಹೀಗೆಂದು ತನ್ನ ಎದುರು ಕೂತು ವಾದ ಮಾಡಿದವರೆಲ್ಲ ಸಾಲಾಗಿ ನೆನಪಾದರು: ಸ್ಕೂಟರಿನಿಂದ ಬಿದ್ದ ಮೀನಂಗಡಿಯ ಹೆಂಗಸು, ಸೋದರಳಿಯನ ಮದುವೆ ಊಟದಲ್ಲಿ ಮೇಜು ಹತ್ತಿ ಕುಣಿದ ಬ್ಯಾಂಕಿನ ಮ್ಯಾನೇಜರು, ಪಕ್ಕದ ಮನೆಯ ಸೀಬೆಮರ ಹತ್ತಿ ಬಿದ್ದು 'ಅಂಗಳ ಒದ್ದೆಯಾಗಿತ್ತು ಡಾಕ್ಟ್ರೇ' ಎಂದು ಆಣೆ ಮಾಡಿದ ಮುದುಕಿ. ಆ ಮುದುಕಿಗೆ ಅವನು, "ಅಜ್ಜೀ, ಮೂಳೆ ಮುರಿದಿರೋ ಸುದ್ದಿ ನಿಮ್ಮ ಬೆರಳಿಗೆ ಇನ್ನೂ ಮುಟ್ಟಿಲ್ಲ, ಅದಕ್ಕೇ ಆಡ್ತಿದೆ" ಎಂದಿದ್ದ. ನರ್ಸುಗಳು ನಕ್ಕಿದ್ದರು. ಮುದುಕಿಯ ತಲೆಗೂದಲಲ್ಲಿ ಸೀಬೆ ಎಲೆಯೊಂದು ಸಿಕ್ಕಿಕೊಂಡಿತ್ತು. ಅದನ್ನೂ ಎಲ್ಲರ ಮುಂದೆ ತೆಗೆದು ತೋರಿಸಿದ್ದ.

ತನ್ನ ತಲೆಯಲ್ಲಿ ಏನು ಸಿಕ್ಕಿಕೊಂಡಿರಬಹುದು ಎಂದು ಕನ್ನಡಿಯಲ್ಲಿ ನೋಡಿಕೊಂಡ. ಏನೂ ಇರಲಿಲ್ಲ. ಬಾಯಿಂದ ಪುದೀನಾ ವಾಸನೆ ಮಾತ್ರ ಅತಿಯಾಗಿ ಬರುತ್ತಿತ್ತು. ಬೆಳಿಗ್ಗೆ ಒಂದು ಕೈಯಲ್ಲಿ ಹಲ್ಲುಜ್ಜುವಾಗ ಪೇಸ್ಟು ಅರ್ಧ ಟ್ಯೂಬು ಹೊರಗೆ ಬಂದಿತ್ತು. ಹೆಂಡತಿ ಶ್ಯೂ-ಲುವಾನ್ ಪಾರ್ಕಿನ ಕುಣಿತದ ಗುಂಪಿಗೆ ಹೋಗುವ ಹೊತ್ತು ಅವನ ದಿನದಲ್ಲಿ ಅವನದೇ ಆದ ಏಕೈಕ ಹೊತ್ತು. ಬಾಗಿಲು ಮುಚ್ಚಿದ ಸದ್ದು, ಮೆಟ್ಟಿಲಲ್ಲಿ ಅವಳ ಬೂಟು, ಕೆಳಗಿನ ಗೇಟು. ಆಮೇಲೆ ಬಚ್ಚಲುಮನೆ, ಕಮೋಡಿನ ಮುಚ್ಚಳ, ಮುಚ್ಚಳದ ಮೇಲೆ ಅವನು. ಅಲ್ಲಿ ನಿಂತರೆ ಬಾಯಿ ಸರಿಯಾಗಿ ಫ್ಯಾನಿನ ಎತ್ತರಕ್ಕೆ ಬರುತ್ತದೆ. ಊದಿದ ಹೊಗೆ ಮನೆಯೊಳಗೆ ಒಂದು ಎಳೆಯೂ ಉಳಿಯದೆ ಹಿಂದಿನ ಓಣಿಗೆ ಹೋಗುತ್ತದೆ. ಮಾವ ಕೆಮ್ಮಿ ಕೆಮ್ಮಿ ಸತ್ತ ವರ್ಷ ಶ್ಯೂ-ಲುವಾನ್ ಅವನನ್ನು ಮಾಜು ದೇವಿಯ ಗುಡಿಗೆ ಎಳೆದುಕೊಂಡು ಹೋಗಿ, ಇನ್ನು ಸೇದುವುದಿಲ್ಲವೆಂದು ಮಾತು ಕೊಡಿಸಿ, ಅರ್ಧಚಂದ್ರದ ಮರದ ತುಂಡುಗಳನ್ನು ನೆಲಕ್ಕೆ ಹಾಕಿ ದೇವಿಯ ಒಪ್ಪಿಗೆಯನ್ನೂ ಕೇಳಿದ್ದಳು. ದೇವಿ ಒಪ್ಪಿದ್ದಳು. ಒಪ್ಪುವ ಮೊದಲು ಒಂದೆರಡು ಸಲ ನಕ್ಕಿದ್ದಳು ಕೂಡ. ತುಂಡುಗಳೆರಡೂ ಅಂಗಾತ ಬಿದ್ದರೆ ದೇವಿ ನಗುತ್ತಿದ್ದಾಳೆ ಎಂದೇ ಅರ್ಥ. ಇವತ್ತು ಬೆಳಿಗ್ಗೆ ಕಾಲಡಿಯಲ್ಲಿ ಏನೋ ಚಟಕ್ಕೆಂದು ಕಾಲು ಜಾರಿದಾಗ, ನೆಲ ತಲುಪುವ ಆ ಚೂರು ಸಮಯದಲ್ಲಿ ಅವನಿಗೆ ಹೊಳೆದದ್ದು ಅದೇ ನಗು. ಬೀಳುವಾಗ ಕೈ ಊರಬೇಡಿ ಎಂದು ಜೀವಮಾನವೆಲ್ಲ ಜನಕ್ಕೆ ಹೇಳಿದವನು, ಕೈ ಊರಿದ. ಬಲಗೈಯಲ್ಲಿ ಸಿಗರೇಟಿತ್ತು; ಅದನ್ನು ಉಳಿಸಿ ಎಡಗೈ ಊರಿದ. ಈ ವಿವರವನ್ನು ತಾನು ಸಾಯುವವರೆಗೂ ಯಾರಿಗೂ ಹೇಳಲಾರೆ ಎಂದುಕೊಳ್ಳುವಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು.

ಎದುರಿನ ಪಾಠದ ಕೋಣೆಯಲ್ಲಿ ಹೊಸ ಡಾಕ್ಟರುಗಳು ಕಾದಿದ್ದರು. ದಬ್ಬೆ ಕಟ್ಟುವ ಪಾಠ ಪ್ರತಿ ವರ್ಷವೂ ಅವನದೇ. ಉದ್ದನೆಯ ಮೇಜುಗಳಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರಿನ ಬಕೆಟ್ಟು, ಹತ್ತಿಯ ಸುರುಳಿ, ಪ್ಲಾಸ್ಟರಿನ ಸುರುಳಿ, ಎಳೆದರೆ ಹಿಗ್ಗುವ ಬ್ಯಾಂಡೇಜುಗಳನ್ನು ಜೋಡಿಸಿದ್ದರು. ಎಲ್ಲರೂ ಎದ್ದು ನಿಂತು ಬಗ್ಗಿ ನಮಸ್ಕರಿಸಿದರು. ಬಗ್ಗಿದವರ ನಡುವೆ ಒಂದು ತಲೆ ಸ್ವಲ್ಪ ತಡವಾಗಿ ಬಗ್ಗಿ, ಸ್ವಲ್ಪ ತಡವಾಗಿ ಎದ್ದಿತು. ಅದು ಚುವಾಂಗ್ ಯಿ-ಪಿಂಗ್ ಎಂದು ನೋಡದೆಯೇ ಅವನಿಗೆ ಗೊತ್ತಾಯಿತು. ನೋಡಬಾರದೆಂದು ನಿರ್ಧರಿಸಿಯೇ ಬಂದಿದ್ದ. ಹೋದ ವಾರ ತುರ್ತು ವಿಭಾಗದಲ್ಲಿ ಅವಳು ಕಟ್ಟಿದ ದಬ್ಬೆ, ರೋಗಿ ಎದ್ದು ನಿಂತ ಕೂಡಲೇ, ಸಡಿಲವಾದ ಅಂಗಿಯ ತೋಳಿನಂತೆ ಸರಕ್ಕನೆ ಜಾರಿ ನೆಲಕ್ಕೆ ಬಿದ್ದಿತ್ತು. ಅವನು ಅದನ್ನು ಎತ್ತಿ ಹಿಡಿದು, "ಇದೇನಮ್ಮಾ, ದಬ್ಬೇನೋ ಬಿದಿರೆಲೆ ಕಡುಬೋ? ನಮ್ಮಮ್ಮ ಹಬ್ಬಕ್ಕೆ ಕಟ್ಟೋ ಕಡುಬು ಇದಕ್ಕಿಂತ ಬಿಗಿಯಾಗಿರುತ್ತೆ" ಎಂದಿದ್ದ. ಎಲ್ಲರೂ ನಕ್ಕರು. ರೋಗಿಯೂ ನಕ್ಕ. ಅವಳೂ ನಕ್ಕಳು, ಅವಳು ನಕ್ಕದ್ದೇ ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿದ್ದು. ಅತ್ತಿದ್ದರೆ ಬೈದು ಸಮಾಧಾನ ಮಾಡಿ ಮುಗಿಸಬಹುದಿತ್ತು. ಈಗ ಇಡೀ ಆಸ್ಪತ್ರೆ ಅವಳನ್ನು ಕಡುಬು ಎನ್ನುತ್ತದಂತೆ. ಕ್ಯಾಂಟೀನಿನಲ್ಲಿ ಅಡುಗೆಯವಳೂ, "ಬಾ ಕಡುಬು, ಇವತ್ತು ಏನು ಹಾಕ್ಲಿ?" ಎಂದು ಕೇಳಿದ್ದನ್ನು ಅವನೇ ಕಿವಿಯಾರೆ ಕೇಳಿ, ಸೂಪಿನ ಬಟ್ಟಲಿನೊಳಗೆ ಮುಖ ಇಳಿಸಿಕೊಂಡಿದ್ದ.

"ಮೊದಲು ಹತ್ತಿ," ಎಂದು ಪಾಠ ಶುರುಮಾಡಿದ. ಬಲಗೈಯೊಂದರಲ್ಲೇ ಹತ್ತಿಯ ಸುರುಳಿ ಬಿಡಿಸಿ, ಮಾದರಿಗೆಂದು ಕರೆದ ಹುಡುಗನ ತೋಳಿಗೆ ಸುತ್ತತೊಡಗಿದ. ಸುರುಳಿ ಕೆಳಗೆ ಬಿತ್ತು. ಗಲ್ಲದಿಂದ ಒತ್ತಿ ಹಿಡಿದ. ಪ್ಲಾಸ್ಟರಿನ ಪದರಗಳನ್ನು ಮೇಜಿನ ಅಂಚಿಗೆ ಸೊಂಟದಿಂದ ಅದುಮಿ ಅಳತೆಗೆ ಹರಿದ. ನೀರಿನಲ್ಲಿ ಅದ್ದಿ, ಹಿಂಡಲು ಇನ್ನೊಂದು ಕೈ ಇಲ್ಲದ್ದರಿಂದ ಬಕೆಟ್ಟಿನ ಒಳಗೋಡೆಗೆ ಒತ್ತಿ ಎಳೆದ. "ಬೆರಳ ತುದಿಯಿಂದ ತಿದ್ದಬೇಡಿ, ಗುಳಿ ಬೀಳುತ್ತೆ, ಆ ಗುಳಿ ಆಮೇಲೆ ಚರ್ಮ ತಿನ್ನುತ್ತೆ. ಅಂಗೈಯಿಂದ ಸವರಿ. ಮಣಿಕಟ್ಟು ಹೇಗಿರಬೇಕು? ಹಾಲುಚಹಾದ ಲೋಟ ಹಿಡಿದ ಹಾಗೆ. ಬೆರಳ ಬುಡದ ಗೆಣ್ಣು ಬಿಟ್ಟಿರಲಿ, ಊಟದ ಕಡ್ಡಿ ಹಿಡಿಯೋಕೆ ಬರಬೇಕು." ಮಾತು ತಾನಾಗಿ ಬರುತ್ತಿತ್ತು. ಜೇಬಿನೊಳಗೆ ಉಂಗುರವು ಬೆರಳನ್ನು ಕಚ್ಚತೊಡಗಿರುವುದು ಅವನ ಗಮನಕ್ಕೆ ಬಂತು. ಊತ ಉಂಗುರದವರೆಗೆ ಇಳಿದಿದೆ. ಉಂಗುರ ಮೊದಲು ತೆಗೀಬೇಕು, ತೆಗೆಯದವನು ಕತ್ತೆ, ಎಂದು ಪ್ರತಿ ವರ್ಷ ಹೇಳುವ ವಾಕ್ಯವನ್ನು ಈ ವರ್ಷ ಹಾರಿಸಿಬಿಟ್ಟ. "ಕಟ್ಟಿದ ಮೇಲೆ ಎರಡೂ ಕೈಯ ಬೆರಳು ಜೊತೆಗಿಟ್ಟು ನೋಡಿ. ಬಣ್ಣ, ಬಿಸಿ, ಊತ. ಒಳ್ಳೇ ಕೈ ನೋಡದೆ ಕೆಟ್ಟ ಕೈ ಗೊತ್ತಾಗಲ್ಲ. ಇನ್ನು ನೀವು ಮಾಡಿ."

ನೆಟ್ಟಗೆ ನಿಂತು ಬೆವರು ಒರೆಸಿಕೊಂಡು ನೋಡುತ್ತಾನೆ: ಹುಡುಗ ಹುಡುಗಿಯರೆಲ್ಲ ಎಡಗೈಯನ್ನು ಕೋಟಿನ ಜೇಬಿಗೆ ಇಳಿಬಿಟ್ಟು, ಬಲಗೈಯೊಂದರಲ್ಲೇ ಹತ್ತಿಯೊಂದಿಗೆ ಸೆಣಸುತ್ತಿದ್ದಾರೆ. ಸುರುಳಿಗಳು ಮೇಜಿನಿಂದ ಜಾರಿ ನೆಲದುದ್ದಕ್ಕೂ ಬಿಳಿ ದಾರಿ ಹಾಸಿದವು. ಗಲ್ಲ, ಮೊಣಕೈ, ಹಲ್ಲು ಎಲ್ಲವೂ ಕೆಲಸಕ್ಕೆ ಇಳಿದಿದ್ದವು. ತರಗತಿಗೇ ಮೊದಲಿಗನಾದ ಫಾನ್ ಜುನ್-ಕೈ ಸೊಂಟದಿಂದ ಮೇಜನ್ನು ಎಷ್ಟು ಶ್ರದ್ಧೆಯಿಂದ ಅದುಮಿದನೆಂದರೆ ಮೇಜೇ ಸರಿದು ಬಕೆಟ್ಟು ಮಗುಚಿತು.

"ಇದೇನ್ರೋ ಇದು?"

"ಒಂದು ಕೈ ಕ್ರಮ ಅಲ್ವಾ ಮೇಷ್ಟ್ರೇ?" ಎಂದ ಜುನ್-ಕೈ, ಪ್ಯಾಂಟಿನಿಂದ ನೀರು ಇಳಿಯುತ್ತಿದ್ದರೂ ಮುಖ ಅರಳಿಸಿಕೊಂಡು. "ಪುಸ್ತಕದಲ್ಲಿಲ್ಲ ಇದು. ಇನ್ನೊಂದು ಕೈಯಲ್ಲಿ ರೋಗೀನ ಹಿಡ್ಕೊಳ್ಳೋಕೆ ಅಂತ ಅಂದ್ಕೊಂಡ್ವಿ. ನಿಮ್ಮದೇ ಕ್ರಮಾನಾ?"

ಈಗಲೇ ಹೇಳಿಬಿಡಬಹುದಿತ್ತು. ಬಿದ್ದೆ ಕಣ್ರಪ್ಪಾ, ಕೈ ನೋಯುತ್ತಿದೆ, ಇಷ್ಟೇ. ಆದರೆ ಮುಂದಿನ ಪ್ರಶ್ನೆ ಹೇಗೆ ಬಿದ್ರಿ ಎಂದೇ ಬರುತ್ತದೆ. ಹಾಗೆ ಕೇಳಲೇಬೇಕೆಂದು ಅವರಿಗೆ ಕಲಿಸಿದವನು ಅವನೇ. ಬಚ್ಚಲಲ್ಲಿ ಜಾರಿದೆ ಎಂದರೆ, ಜಾರಿದವರು ಹೀಗೆ ಬೀಳುವುದಿಲ್ಲ, ಎತ್ತರದಿಂದ ಬಿದ್ದ ಕೈ ಬೇರೆ ಥರ ಮುರಿಯುತ್ತದೆ, ಎಂದು ಕಲಿಸಿದವನೂ ಅವನೇ. "ಹೌದು," ಎಂದ. "ನನ್ನದೇ ಕ್ರಮ. ಆದರೆ ಇದು ಅನುಭವ ಆದಮೇಲೆ. ನೀವು ಎರಡೂ ಕೈ ಬಳಸಿ." ಎಲ್ಲರ ಮುಖದಲ್ಲೂ ಮೂಡಿದ ಭಕ್ತಿಯನ್ನು ನೋಡಲಾರದೆ ಕಿಟಕಿಯ ಕಡೆ ತಿರುಗಿದ.

ಕಿಟಕಿಯ ಹತ್ತಿರ ಯಿ-ಪಿಂಗ್ ಒಬ್ಬಳೇ ನಿಂತಿದ್ದಳು. ಎಲ್ಲರೂ ಇಬ್ಬಿಬ್ಬರಾಗಿ ಸೇರಿಕೊಂಡು ಒಬ್ಬಳು ಉಳಿದಿದ್ದಳು. "ಕಡುಬೂ, ಕುರ್ಚಿ ಕಾಲಿಗೆ ಕಟ್ಟು, ಅದು ದೂರು ಕೊಡಲ್ಲ," ಎಂದ ಜುನ್-ಕೈ. "ಕಟ್ಟಿದ್ದೀನಪ್ಪಾ," ಎಂದಳು ಅವಳು, ಸಿಟ್ಟಿಲ್ಲದೆ. "ಹಾಸ್ಟೆಲಿನ ಕುರ್ಚಿಗಳಿಗೆಲ್ಲ ಕಟ್ಟಿ ಮುಗೀತು. ವಾರ್ಡನ್ನು ಬೈದ್ರು." ಆ ಮಾತನ್ನು ಕೇಳಿದಾಗ ವೆಂಗ್‌ನ ಎದೆಯಲ್ಲಿ ಏನೋ ಚುಚ್ಚಿದಂತಾದದ್ದು ನಿಜ. ಅದರ ಬೆನ್ನಿಗೇ, ನಾಚಿಕೆಯಿಲ್ಲದ ಒಂದು ಉಪಾಯ ಹೊಳೆದದ್ದೂ ನಿಜ. ಇವಳಿಗೆ ತಾನೇ ರೋಗಿಯಾಗುವುದು. ಎಡಗೈ ಕೊಡುವುದು. ಹೇಗೆ ಕಟ್ಟಿದರೂ ಸರಿ, ಕಟ್ಟಿಸಿಕೊಂಡು, ಮನೆಗೂ ಹಾಗೇ ಹೋಗಿ, 'ಮಕ್ಕಳು ಕಟ್ಟಿದ್ದು, ಎರಡು ದಿನ ಹೇಗಿರುತ್ತೆ ಅಂತ ಪರೀಕ್ಷೆ ಮಾಡ್ತಿದ್ದೀನಿ' ಎಂದು ಶ್ಯೂ-ಲುವಾನ್‌ಗೆ ಹೇಳುವುದು. ಎರಡು ದಿನವನ್ನು ಆರು ವಾರ ಮಾಡುವುದು ಹೇಗೆಂಬುದನ್ನು ಆಮೇಲೆ ಯೋಚಿಸಬಹುದು. ಹುಡುಗಿಗೆ ಮಾಡಿದ ಅನ್ಯಾಯಕ್ಕೂ ಇದರಲ್ಲೇ ಪರಿಹಾರವಾಗುತ್ತದೆ ಎಂದು ಅವನ ಮನಸ್ಸು ಸಮರ್ಥಿಸಿಕೊಂಡಿತು. ತನ್ನ ಮನಸ್ಸು ಇಷ್ಟು ಅಗ್ಗದ ವಕೀಲ ಎಂದು ಅವನಿಗೆ ಗೊತ್ತಿರಲಿಲ್ಲ.

"ನಾನು ಕೂತ್ಕೋತೀನಿ, ನನಗೆ ಕಟ್ಟು," ಎಂದು ಅವಳ ಮುಂದಿನ ಸ್ಟೂಲಿನ ಮೇಲೆ ಕೂತ.

ಅವಳ ಮುಖ ಬಿಳಚಿಕೊಂಡಿತು. "ನಿಮಗಾ ಮೇಷ್ಟ್ರೇ?"

"ಯಾಕೆ, ಕುರ್ಚಿಗಿಂತ ಕಡೆಯಾ ನಾನು?"

ಜೇಬಿನಿಂದ ಕೈ ತೆಗೆಯಲು ಅವನು ಧೈರ್ಯ ತುಂಬಿಕೊಳ್ಳುತ್ತಿರುವಾಗಲೇ ಅವಳು, ಮೇಜಿನ ಮೇಲೆ ಸಿದ್ಧವಾಗಿ ಬಿದ್ದಿದ್ದ ಅವನ ಬಲಗೈಯನ್ನು ಎತ್ತಿಕೊಂಡು ತೋಳು ಮಡಿಸತೊಡಗಿದಳು. ಅದಲ್ಲ ಎನ್ನಬೇಕೆಂದುಕೊಂಡ. ಯಾಕಲ್ಲ ಎಂದು ಕೇಳಿದರೆ? "ಎಡಗೈ ಆಗಬಹುದೇನೋ..." ಎಂದು ಗೊಣಗಿದ. "ಪರವಾಗಿಲ್ಲ ಮೇಷ್ಟ್ರೇ, ನನಗೆ ಯಾವ ಕೈಯಾದ್ರೂ ಒಂದೇ ಕಷ್ಟ," ಎಂದಳು ಅವಳು, ನಾಲಿಗೆಯ ತುದಿ ಕಚ್ಚಿಕೊಂಡು ಹತ್ತಿ ಸುತ್ತುತ್ತ. ಹೀಗೆ ಡಾಕ್ಟರ್ ವೆಂಗ್ ತನ್ನ ಗಟ್ಟಿಮುಟ್ಟಾದ ಬಲಗೈಗೆ ದಬ್ಬೆ ಕಟ್ಟಿಸಿಕೊಳ್ಳುತ್ತ ಕೂತ. ಅವಳ ಬೆರಳುಗಳು ಗಿಡ್ಡ, ದಪ್ಪ, ತಣ್ಣಗೆ. ಆದರೆ ನಿಧಾನವಾಗಿದ್ದವು, ಪ್ರತಿ ಸುತ್ತಿಗೂ ನಿಂತು, ಮುಂದಿನ ಸುತ್ತನ್ನು ಅನುಮತಿ ಕೇಳಿದಂತೆ ಹಾಕುತ್ತಿದ್ದವು. ಅಂಗೈಯಿಂದ ಸವರಿದಳು. ಗೆಣ್ಣು ಬಿಟ್ಟಳು. ಹೊತ್ತು ತುಂಬಾ ಹಿಡಿಯಿತು, ಆದರೆ ತಪ್ಪು ಹುಡುಕಲು ಹೋದ ಅವನ ಕಣ್ಣಿಗೆ ಏನೂ ಸಿಕ್ಕಲಿಲ್ಲ. ಬ್ಯಾಂಡೇಜಿನ ತುದಿ ಸಿಕ್ಕಿಸಿ, ಪ್ಲಾಸ್ಟರು ಬಿಗಿದುಕೊಳ್ಳುವವರೆಗೂ ಮಣಿಕಟ್ಟನ್ನು ಹಿಡಿದುಕೊಂಡು ಕಾದು, ಅವಳು ತಲೆಯೆತ್ತಿದಳು.

"ಮೇಷ್ಟ್ರೇ, ಆ ಕೈ ಕೊಡಿ."

"ಯಾವ ಕೈ?"

"ಜೇಬಿನಲ್ಲಿರೋದು. ಬೆರಳು ಜೊತೆಗಿಟ್ಟು ನೋಡ್ಬೇಕಲ್ಲ. ಒಳ್ಳೇ ಕೈ ನೋಡದೆ..." ಎಂದು ಅವನ ಮಾತನ್ನೇ ಅವನಿಗೆ ಒಪ್ಪಿಸಿದಳು.

ತೆಗೆದ. ಹೊರಗಿನ ಬೆಳಕಿನಲ್ಲಿ ಅದರ ಗುರುತು ಅವನಿಗೇ ಹತ್ತಲಿಲ್ಲ. ಮಣಿಕಟ್ಟು ಮೊಣಕೈಯ ದಪ್ಪಕ್ಕೆ ಬಂದಿತ್ತು. ಉಂಗುರ ಕಾಣಿಸದೆ, ಅದಿದ್ದ ಕಡೆ ಬರೀ ಒಂದು ಗೆರೆ ಇತ್ತು. ಎರಡು ಕೈಗಳೂ ಮೇಜಿನ ಮೇಲೆ ಅಕ್ಕಪಕ್ಕ ಮಲಗಿದವು: ಅಂದವಾದ ದಬ್ಬೆಯೊಳಗೆ ಆರೋಗ್ಯವಂತ ಕೈ, ಅದರ ಪಕ್ಕದಲ್ಲಿ ಬರಿಮೈಯಲ್ಲಿ ಮುರಿದ ಕೈ. ಯಿ-ಪಿಂಗ್ ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಒಂದು ಬೆರಳಿಟ್ಟು, ಹೆಬ್ಬೆರಳಿನ ಕಡೆಯ ಮೂಳೆಯನ್ನು ಮೆಲ್ಲಗೆ ಒತ್ತಿದಳು. ಅವನ ಬಾಯಿಂದ ಹೊರಟ ಸದ್ದು, ಒಲೆಯ ಮೇಲೆ ಮರೆತುಹೋದ ಕೆಟಲಿನದಾಗಿತ್ತು.

ಕೋಣೆ ಇನ್ನೂ ತನ್ನ ಗದ್ದಲದಲ್ಲೇ ಇತ್ತು. ಅವಳೊಬ್ಬಳಿಗೇ ಗೊತ್ತಾಗಿತ್ತು. ಈಗ ಇವಳು ಕೂಗುತ್ತಾಳೆ, ಎಂದುಕೊಂಡ. ಕೂಗಲಿ. ಇವಳ ಜಾಗದಲ್ಲಿ ತಾನಾಗಿದ್ದರೆ ಈ ಕೈಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದೆ, ಮೇಲೊಂದು ಚಟಾಕಿ ಸೇರಿಸಿ. ಚಟಾಕಿ ಏನಿರಬಹುದೆಂದು ಯೋಚಿಸಿಯೂ ನೋಡಿದ. ಒಂದೆರಡು ಚೆನ್ನಾಗಿಯೇ ಇದ್ದವು. ಅವಳು ತನ್ನ ಸ್ಟೂಲನ್ನು ಸರಿಸಿ, ಬೇರೆಯವರಿಗೆ ಕಾಣದಂತೆ ಬೆನ್ನು ಅಡ್ಡ ಮಾಡಿ ಕೂತಳು.

"ಯಾವಾಗಿಂದ?" ಪಿಸುಗುಟ್ಟಿದಳು.

"ಬೆಳಿಗ್ಗೆಯಿಂದ."

"ಮೊದಲು ಉಂಗುರ ತೆಗೀಬೇಕು. ಇಲ್ದಿದ್ರೆ ಬೆರಳು ಹೋಗುತ್ತೆ."

"ಕತ್ತರಿಸಬೇಡ," ಎಂದ. ದನಿ ತನ್ನದಲ್ಲವೆನಿಸಿತು. "ಹೆಂಡತಿ ಹಾಕಿದ್ದು."

"ದಾರದಲ್ಲಿ ಬರುತ್ತೋ ನೋಡೋಣ. ಬರ್ದಿದ್ರೆ ಕತ್ತರಿಸ್ತೀನಿ ಮೇಷ್ಟ್ರೇ. ಕೇಳಲ್ಲ." ಹೀಗೆ ಹೇಳಿದ್ದು ಕಡುಬೇ ಎಂದು ಅವನು ಅವಳ ಮುಖ ನೋಡಿದ. ಅವಳು ಆಗಲೇ ಹೊಲಿಗೆಯ ದಾರ ಎತ್ತಿಕೊಂಡು ಬೆರಳಿಗೆ ಒತ್ತೊತ್ತಾಗಿ ಸುತ್ತುತ್ತಿದ್ದಳು, ಗೆಣ್ಣಿನ ಆಚೆಯವರೆಗೆ. ಉಂಗುರದ ಕೆಳಗಿನಿಂದ ದಾರದ ತುದಿ ಎಳೆದು, ಸೋಪು ಸವರಿ, ಇತ್ತ ಬಿಚ್ಚುತ್ತ ಬಂದಳು. ಉಂಗುರ ಒಂದೊಂದೇ ಸುತ್ತು ದಾಟುತ್ತ ಗೆಣ್ಣಿನ ಬಳಿ ಬಂದು ನಿಂತಿತು. ಅವನು ಕಣ್ಣು ಮುಚ್ಚಿದ. ನೋವಿನೊಳಗೆ ಏನೇನೋ ಹಾದುಹೋದವು: ಸೀಬೆ ಎಲೆ, ಗುಡಿಯ ಧೂಪ, ಮದುವೆಯ ದಿನ ಈ ಉಂಗುರ ಬೆರಳಿಗೆ ದೊಡ್ಡದಾಗಿ ಶ್ಯೂ-ಲುವಾನ್ ಅದಕ್ಕೆ ನೂಲು ಸುತ್ತಿ ಕೊಟ್ಟದ್ದು. ಟಣ್ ಎಂದು ಉಂಗುರ ಮೇಜಿನ ಮೇಲೆ ಬಿತ್ತು.

ಆ ಸದ್ದಿಗೆ ಜುನ್-ಕೈ ತಿರುಗಿದ. "ಏನು ಕಡುಬೂ, ಮೇಷ್ಟ್ರ ಆಸ್ತಿ ಲಪಟಾಯಿಸ್ತಿದ್ದೀಯಾ?" ಎನ್ನುತ್ತ ಬಂದವನು ಕೈ ನೋಡಿ, "ಅಯ್ಯಪ್ಪಾ!" ಎಂದ. ಆಮೇಲೆ ಎಲ್ಲರೂ ಬಂದರು. ಸುತ್ತ ತಲೆಗಳು. ಬೀದಿಯ ಅಪಘಾತದ ಸುತ್ತ ಜನ ಸೇರಿದಂತೆ.

"ಒಂದು ಕೈ ಕ್ರಮ..." ಎಂದು ಯಾರೋ ಅರ್ಥ ಹತ್ತಿದವರಂತೆ ಎಳೆದರು.

"ಜಾಗ ಬಿಡಿ," ಎಂದಳು ಯಿ-ಪಿಂಗ್. "ಜುನ್-ಕೈ, ನೀರು ಬದಲಾಯಿಸ್ಕೊಂಡು ಬಾ. ಬಿಸಿ ಬೇಡ." ಜುನ್-ಕೈ ಹೋದ. ತಾನು ಹೋದದ್ದು ಅವನಿಗೇ ಆಶ್ಚರ್ಯವಾದಂತಿತ್ತು.

ಅವಳು ಎಡಗೈಗೆ ಹತ್ತಿ ಸುತ್ತಿ, ಪದರಗಳನ್ನು ಅದ್ದಿ ಹಿಂಡಿ ಹೊದಿಸಿ, ಬ್ಯಾಂಡೇಜು ಕಟ್ಟಿ, ಮಣಿಕಟ್ಟನ್ನು ತನ್ನ ಎರಡು ಅಂಗೈಗಳ ನಡುವೆ ಹಿಡಿದುಕೊಂಡಳಷ್ಟೆ, ವೆಂಗ್‌ನ ಪ್ಯಾಂಟಿನ ಜೇಬಿನಲ್ಲಿ ಫೋನು ಬಾರಿಸತೊಡಗಿತು. ಒಂದು ಕೈ ಗಟ್ಟಿಯಾಗಿತ್ತು, ಇನ್ನೊಂದು ಗಟ್ಟಿಯಾಗುತ್ತಿತ್ತು. ಫೋನು ನಿಂತಿತು. ಮತ್ತೆ ಬಾರಿಸಿತು. ಹಾಗೆ ಬಿಡದೆ ಬಾರಿಸುವವರು ಲೋಕದಲ್ಲಿ ಒಬ್ಬರೇ. "ನಾನು ಎತ್ಲಾ ಮೇಷ್ಟ್ರೇ?" ಎಂದು ಜುನ್-ಕೈ ಜೇಬಿಗೆ ಕೈ ಹಾಕಿ ತೆಗೆದು, ಒದ್ದೆ ಬೆರಳಲ್ಲಿ ಎಲ್ಲೋ ಒತ್ತಿದ. ಶ್ಯೂ-ಲುವಾನ್‌ಳ ದನಿ ಕೋಣೆಯ ಮೂಲೆಮೂಲೆಗೂ ಕೇಳಿಸಿತು.

"ವೆಂಗ್ ಪೋ-ಶುನ್."

ಪೂರ್ತಿ ಹೆಸರು. ಕೋಣೆಯಲ್ಲಿ ಮದುವೆಯಾಗಿದ್ದವನು ಅವನೊಬ್ಬನೇ, ಆದರೂ ಎಲ್ಲರಿಗೂ ಅರ್ಥವಾಯಿತು.

"ಕಾಲುಗುರು ತೆಗೆಯೋಣ ಅಂತ ಕಮೋಡಿನ ಮುಚ್ಚಳದ ಮೇಲೆ ಕೂತೆ. ಅದು ಎರಡು ಹೋಳಾಗಿದೆ. ನನ್ನನ್ನ ಚಿವುಟ್ತು. ಎಲ್ಲಿ ಚಿವುಟ್ತು ಅಂತ ಹೇಳಲ್ಲ. ಇದು ಹೇಗೆ ಒಡೀತು?"

ಹಳೆಯದಾಗಿತ್ತು, ಎನ್ನಬಹುದು. ಭೂಕಂಪ, ಎನ್ನಬಹುದು, ನಿನ್ನೆ ರಾತ್ರಿ ಸಣ್ಣಗೆ ಅಲ್ಲಾಡಿತ್ತು ಕೂಡ. ಬಾಯಿ ತೆರೆದ. ಎದುರಿಗೆ ಯಿ-ಪಿಂಗ್ ತಲೆ ತಗ್ಗಿಸಿ, ಉಸಿರನ್ನೂ ಅಳೆದು ಬಿಡುತ್ತ, ಅವನ ಮುರಿದ ಮೂಳೆಯನ್ನು ಹಿಡಿದಿದ್ದಳು. ಅವಳಿಗೆ ಉತ್ತರ ಬೇಕಾಗಿರಲಿಲ್ಲ, ಅವನು ಅಲ್ಲಾಡದಿರುವುದು ಬೇಕಾಗಿತ್ತು. ಸುಳ್ಳು ಹೇಳಲು ಮೈ ಸ್ವಲ್ಪವಾದರೂ ಅಲ್ಲಾಡಬೇಕಾಗುತ್ತದೆ ಎಂದು ಅವನಿಗೆ ಆಗ ತಿಳಿಯಿತು.

"ನಾನು ಅದರ ಮೇಲೆ ನಿಂತಿದ್ದೆ."

"ಯಾಕೆ?"

"ಫ್ಯಾನಿನ ಹತ್ರ. ಸಿಗರೇಟು."

ಬಕೆಟ್ಟಿನ ನೀರಿಗೆ ಎಲ್ಲಿಂದಲೋ ಒಂದು ಹನಿ ಬಿದ್ದದ್ದು ಕೇಳಿಸಿತು.

"ಬಿದ್ದೆಯಾ?"

"ಬಿದ್ದೆ. ಎಡಗೈ ಮುರಿದಿದೆ. ದಬ್ಬೆ ಕಟ್ತಿದ್ದಾರೆ."

"ತಲೆಗೆ ಏಟಾಯ್ತಾ?"

"ಇಲ್ಲ."

"ಅದಕ್ಕೂ ಒಂದು ಕಟ್ಟಿಸ್ಕೋ," ಎಂದಳು ಶ್ಯೂ-ಲುವಾನ್.

ಮೊದಲು ಜುನ್-ಕೈ ಮೂಗಿನಿಂದ ನಕ್ಕ. ಅಲ್ಲಿಗೆ ತಡೆ ಒಡೆಯಿತು. ಹೊಸ ಡಾಕ್ಟರುಗಳು ಮೇಜು ಹಿಡಿದು, ಗೋಡೆ ಹಿಡಿದು, ಒಬ್ಬರನ್ನೊಬ್ಬರು ಹಿಡಿದು ನಕ್ಕರು. ವೆಂಗ್‌ನ ಹೊಟ್ಟೆಯಲ್ಲೂ ಒಂದು ಅಲೆ ಎದ್ದು ಭುಜದವರೆಗೆ ಬಂತು.

"ಅಲ್ಲಾಡ್ಬೇಡಿ!" ಯಿ-ಪಿಂಗ್ ಗದರಿದಳು. ಗದರಿದ್ದು ಅವನಿಗೆ. "ಇನ್ನೂ ಗಟ್ಟಿಯಾಗಿಲ್ಲ! ನೀವೆಲ್ಲ ಬಾಯಿ ಮುಚ್ತೀರೋ ಆಚೆ ಹೋಗ್ತೀರೋ?"

ನಗು ನಿಂತಿತು. ಫೋನಿನಿಂದ ಶ್ಯೂ-ಲುವಾನ್‌ಳ ದನಿ, ಈಗ ಬೇರೆಯದೇ ಆಗಿ, ಚಿಕ್ಕದಾಗಿ ಬಂತು. "ತುಂಬಾ ನೋಯ್ತಿದೆಯಾ?"

ದಿನಕ್ಕೆಷ್ಟೋ ಸಲ ಅವನೇ ಕೇಳುವ ಪ್ರಶ್ನೆ. ಉತ್ತರ ಬರುವ ಮೊದಲೇ ಮುಂದಿನ ರೋಗಿಯ ಕಡೆ ತಿರುಗಿರುತ್ತಿದ್ದ. "ನೋಯ್ತಿದೆ," ಎಂದ.

"ಬರ್ತೀನಿ. ಅಲ್ಲೇ ಕೂತಿರು. ಏನನ್ನೂ ಹತ್ತಬೇಡ." ಫೋನು ಕಟ್ಟಾಯಿತು.

ಜುನ್-ಕೈ ಫೋನನ್ನು ಒರೆಸಿ ಮೆಲ್ಲಗೆ ಮೇಜಿನ ಮೇಲಿಟ್ಟ. ಎಕ್ಸ್-ರೇ ಕೋಣೆಗೆ ಹೇಳಿ ಬರುತ್ತೇನೆಂದು ಹೊರಟ. ಉಳಿದವರು ತಮ್ಮ ತಮ್ಮ ಮೇಜುಗಳಿಗೆ ಹೋಗಿ, ಎರಡೂ ಕೈ ಬಳಸಿ, ಹತ್ತಿ ಸುತ್ತತೊಡಗಿದರು. ವೆಂಗ್‌ನಿಗೆ ಯಿ-ಪಿಂಗ್‌ಗೆ ಏನೋ ಹೇಳಬೇಕಿತ್ತು. ಹೋದ ವಾರದ ಮಾತು, ಕ್ಯಾಂಟೀನು, ಆಮೇಲೆ ಅವಳ ನಗು. ಎಲ್ಲವನ್ನೂ ಒಂದು ವಾಕ್ಯಕ್ಕೆ ಹೊಂದಿಸಲು ನೋಡಿದ, ಹೊಂದಲಿಲ್ಲ.

"ಆವತ್ತು ನಾನು..." ಎಂದು ಶುರುಮಾಡಿದ.

"ಆಮೇಲೆ ಮೇಷ್ಟ್ರೇ. ಮಾತಾಡಿದ್ರೆ ಕೈ ಅಲ್ಲಾಡುತ್ತೆ."

ಅಷ್ಟರಲ್ಲಿ ದಬ್ಬೆಯ ಒಳಗಿನಿಂದ ಏನೋ ಮೆಲ್ಲನೆ ಏಳತೊಡಗಿತು. ಮೊದಲು ಅಂಗೈಯಲ್ಲಿ, ಆಮೇಲೆ ಮಣಿಕಟ್ಟಿನ ಸುತ್ತ, ಆಮೇಲೆ ಮೊಣಕೈಯವರೆಗೂ. ಬಲಗೈಯಲ್ಲೂ ಇದು ಬಂದಿರಬೇಕು, ಅವನ ಗಮನವೆಲ್ಲ ಜೇಬಿನಲ್ಲಿತ್ತು. ಸಾವಿರಾರು ಕೈಗಳಿಗೆ ಕಟ್ಟಿದವನಿಗೆ ಇದು ಇಷ್ಟು ಆಳಕ್ಕೆ ಇಳಿಯುತ್ತದೆಂದು ಗೊತ್ತಿರಲಿಲ್ಲ. ಸ್ವಲ್ಪ ಹೆದರಿಕೆಯಾಯಿತು.

"ಬಿಸಿ ಆಗ್ತಿದೆ," ಎಂದ.

"ಆಗುತ್ತೆ," ಎಂದಳು ಯಿ-ಪಿಂಗ್, ಕೈ ಸಡಿಲಿಸದೆ. "ಹೆದರ್ಬೇಡಿ. ಪ್ಲಾಸ್ಟರು ಕೂತ್ಕೊಳ್ವಾಗ ಹಾಗೇ."

ಅವನು ತಲೆಯಾಡಿಸಲು ಹೋಗಿ, ನೆನಪಾಗಿ, ತಲೆಯಾಡಿಸದೆ ಕೂತ.